ಪ್ರತಿಕ್ರಿಯೆ: ಸಾಂಕ್ರಾಮಿಕ ಕಾಲದಲ್ಲಿ ಪರ್ಫ್ಯೂಷನಿಸ್ಟರ ಕೆಲಸ

ಮಾನ್ಯರೇ, ಇನ್ನೊಂದು ಸಾಂಕ್ರಾಮಿಕ ಬಂದು ಹೃದಯ ಶಸ್ತ್ರಚಿಕಿತ್ಸೆಗಳು ನಿಂತರೆ, ಪರ್ಫ್ಯೂಷನ್ ತಂತ್ರಜ್ಞಾನ (ಶಸ್ತ್ರಚಿಕಿತ್ಸೆಯ ವೇಳೆ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರವನ್ನು ನಡೆಸುವ ವಿದ್ಯೆ) ಓದುತ್ತಿರುವ ತಮ್ಮ ಮಗಳಿಗೆ ಕೆಲಸವಿರುತ್ತದೆಯೇ ಎಂದು ಕೇಳಿದ್ದೀರಿ. 2020ರಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದ್ದು ನಿಜ. ಆದರೆ ವೆಂಟಿಲೇಟರಿನಿಂದಲೂ ಸುಧಾರಿಸದ ರೋಗಿಗಳ ರಕ್ತಕ್ಕೆ ದೇಹದ ಹೊರಗೆ ಆಮ್ಲಜನಕ ಬೆರೆಸುವ ಎಕ್ಮೋ ಯಂತ್ರಗಳಿಗೆ ಅದೇ ಸಮಯದಲ್ಲಿ ಬೇಡಿಕೆ ಏರಿತು. ಯಂತ್ರ ಕೊಳ್ಳುವುದಕ್ಕಿಂತ ಅದನ್ನು ನಡೆಸಬಲ್ಲ ಪರ್ಫ್ಯೂಷನಿಸ್ಟರಂಥವರನ್ನು ಹುಡುಕುವುದೇ ಕಷ್ಟ. 2009ರ ಎಚ್1ಎನ್1 ಹಾವಳಿಯಲ್ಲಿಯೂ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳು ಇದೇ ಚಿಕಿತ್ಸೆಯನ್ನು ಅವಲಂಬಿಸಿದ್ದವು.

ಎರಡೂ ಕೆಲಸಗಳು ಒಂದೇ ಎಂದು ಮಾತ್ರ ಭಾವಿಸಬೇಡಿ. ಶಸ್ತ್ರಚಿಕಿತ್ಸೆಯ ಹಾರ್ಟ್-ಲಂಗ್ ಯಂತ್ರ ಕೆಲವು ಗಂಟೆ ನಡೆದರೆ ಎಕ್ಮೋ ವಾರಗಟ್ಟಲೆ ನಡೆಯಬಹುದು. ಹಾಗಾಗಿ ಪ್ಲಾಸ್ಮಾ (ರಕ್ತದ ದ್ರವಭಾಗ) ಸುಲಭವಾಗಿ ಸೋರದ, ಪಾಲಿಮೀಥೈಲ್‌ಪೆಂಟೀನ್ ಎಂಬ ಪ್ಲಾಸ್ಟಿಕ್ ಪೊರೆಯ ಆಕ್ಸಿಜನೇಟರ್ (ರಕ್ತಕ್ಕೆ ಆಮ್ಲಜನಕ ಬೆರೆಸುವ ಭಾಗ) ಬೇಕಾಗುತ್ತದೆ. ಕೋವಿಡ್ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಿದ್ದುದರಿಂದ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧ ಕಡಿಮೆಯಾದರೆ ಸರ್ಕ್ಯೂಟ್ (ಯಂತ್ರದಲ್ಲಿ ರಕ್ತ ಹರಿಯುವ ಕೊಳವೆಗಳ ಜಾಲ) ಕಟ್ಟಿಕೊಳ್ಳುವ, ಹೆಚ್ಚಾದರೆ ರಕ್ತಸ್ರಾವವಾಗುವ ಅಪಾಯವನ್ನು ಪಿಪಿಇ ತೊಟ್ಟೇ ಹಗಲಿರುಳು ಕಾಯಬೇಕಾಯಿತು. ಪ್ರತಿ ಹಾಸಿಗೆಯ ಬಳಿ ಪರ್ಫ್ಯೂಷನಿಸ್ಟರನ್ನು ನಿಲ್ಲಿಸಲಾಗದು. ಐಸಿಯು ದಾದಿಯರಿಗೆ ತರಬೇತಿ ನೀಡಿ, ಹಲವು ಸರ್ಕ್ಯೂಟುಗಳ ಮೇಲ್ವಿಚಾರಣೆ ನಡೆಸುವ ಪಾತ್ರವೇ ಪರ್ಫ್ಯೂಷನಿಸ್ಟರಿಗೆ ಮುಂದೆ ಹೆಚ್ಚು ಒದಗೀತು ಎಂಬುದು ನನ್ನ ಅಭಿಪ್ರಾಯ.

ಇಂಟರ್ನ್‌ಶಿಪ್‌ಗೆ ಆಸ್ಪತ್ರೆಯನ್ನು ಆರಿಸುವಾಗ, ಅಲ್ಲಿ ವಿದ್ಯಾರ್ಥಿಗಳಿಗೆ ಐಸಿಯುವಿನ ಎಕ್ಮೋ ಪಾಳಿಯೂ ಸಿಗುತ್ತದೆಯೇ ಎಂದು ದಯವಿಟ್ಟು ವಿಚಾರಿಸಿ.