ಹದಿಹರೆಯದವರಿಗೆ ಸೊಂಟದ ಕೀಲು ನೋಯುವುದೇಕೆ, ಚಿಕಿತ್ಸೆ ಏನು?

ಹೆಚ್ಚಿನ ಸಂದರ್ಭಗಳಲ್ಲಿ ಓಟ, ಕಬಡ್ಡಿ ಅಥವಾ ಯಕ್ಷಗಾನದ ದಿಗಿಣದ (ಗಿರಕಿ ಹೊಡೆಯುತ್ತ ಜಿಗಿಯುವ ಕುಣಿತದ) ಅತಿಯಾದ ಅಭ್ಯಾಸವೇ ಕಾರಣವಾಗಿದ್ದು, ಕೆಲವು ವಾರಗಳ ವಿಶ್ರಾಂತಿ ಮತ್ತು ಹಂತಹಂತದ ವ್ಯಾಯಾಮದಿಂದ ನೋವು ಗುಣವಾಗುತ್ತದೆ. ಆದರೆ ಮಗು ಕುಂಟುತ್ತಿದ್ದರೆ, ಎಕ್ಸ್‌ರೇ ತೆಗೆಸದೆ ಅದನ್ನು ಉಳುಕೆಂದು ತೀರ್ಮಾನಿಸಲೇಬಾರದು.

ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ, ಅದು ದುರ್ಬಲವಾಗಿರುವುದೂ ಅಲ್ಲಿಯೇ. ಸ್ನಾಯುಗಳು ಬಲವಾಗಿ ಎಳೆದಾಗ ಇಂತಹ ಜಾಗ ನೋಯುತ್ತದೆ, ಕೆಲವೊಮ್ಮೆ ಮೂಳೆಯ ಚೂರೇ ಕಿತ್ತುಬರುತ್ತದೆ. ಇದಕ್ಕಿಂತ ಗಂಭೀರವಾದುದು, ತೊಡೆಮೂಳೆಯ ದುಂಡನೆಯ ತಲೆ ಆ ಪದರದಲ್ಲಿ ಜಾರುವುದು. ಸುಮಾರು 10ರಿಂದ 16 ವರ್ಷದವರಲ್ಲಿ, ವಿಶೇಷವಾಗಿ ತೂಕ ಹೆಚ್ಚಿರುವವರಲ್ಲಿ ಕಾಣುವ ಈ ತೊಂದರೆ ಎಷ್ಟೋ ಬಾರಿ ಮೊಣಕಾಲಿನ ನೋವಾಗಿಯೇ ತೋರುತ್ತದೆ, ಏಕೆಂದರೆ ಎರಡೂ ಕೀಲುಗಳ ಸಂವೇದನೆಯನ್ನು ಒಯ್ಯುವ ನರಗಳು ಒಂದೇ. ಮೊಣಕಾಲಿನ ಎಕ್ಸ್‌ರೇ ಸರಿಯಿದೆಯೆಂದು ಸಮಾಧಾನಪಟ್ಟು ಎಣ್ಣೆ ತಿಕ್ಕುತ್ತ ವಾರಗಳನ್ನು ಕಳೆದರೆ ಜಾರಿಕೆ ಹೆಚ್ಚಿ, ಮೂಳೆಯ ತಲೆಗೆ ರಕ್ತಸಂಚಾರ ತಪ್ಪಿ, ಕೀಲು ಶಾಶ್ವತವಾಗಿ ಹಾಳಾಗಬಹುದು. ಈ ವಿಳಂಬವನ್ನು ತಪ್ಪಿಸಬಹುದು ಎಂಬ ಕಾರಣಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜಾರಿಕೆ ಕಂಡುಬಂದ ಕೂಡಲೇ ಆ ಕಾಲನ್ನು ಊರಿ ನಡೆಯುವುದನ್ನು ನಿಲ್ಲಿಸಬೇಕು. ಸ್ಕ್ರೂ ಹಾಕಿ ಮೂಳೆಯನ್ನು ಭದ್ರಪಡಿಸುವ ಶಸ್ತ್ರಚಿಕಿತ್ಸೆ ತಡವಿಲ್ಲದೆ ಆಗಬೇಕು, ಇನ್ನೊಂದು ಬದಿಯ ಕೀಲನ್ನೂ ಪರೀಕ್ಷಿಸಿಕೊಳ್ಳಬೇಕು.

ಜ್ವರದೊಂದಿಗೆ ಕಾಲೂರಲಾಗದ ನೋವಿದ್ದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದಾದ್ದರಿಂದ ಅದೇ ದಿನ ತೋರಿಸಿರಿ. ಮಂಗಳೂರಿನ ವೆನ್ಲಾಕ್ ಮತ್ತು ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ.