ಬಕೆಟ್‌ನಲ್ಲಿರುವುದು ಮರಿ ಅಲ್ಲ ಸರ್, ಬೆಳೆದ ಮೀನು

ಸರ್, ನಿಮ್ಮ ಪೋಸ್ಟ್ ಈಗ ನೋಡಿದೆ. ಮಕ್ಕಳ ಜೊತೆ ಕೆರೆಕೋಡಿ ಕೆಳಗಿನ ಹಳ್ಳದಲ್ಲಿ ಪಂಚೆ ಹಿಡಿದು ಒಂದು ಬಕೆಟ್ ಮೀನುಮರಿ ಹಿಡಿದಿದ್ದೇವೆ, ಕೃಷಿಹೊಂಡಕ್ಕೆ ಬಿಟ್ಟರೆ ಎಷ್ಟು ತಿಂಗಳಿಗೆ ದೊಡ್ಡದಾಗುತ್ತವೆ ಅಂತ ಕೇಳಿದ್ದೀರಿ. ಮೊದಲು ಆ ಬಕೆಟ್ ನೆರಳಿಗೆ ಇಡಿ. ಫೋಟೊದಲ್ಲಿ ಎಲ್ಲವೂ ಬಾಯಿ ತೆರೆದುಕೊಂಡು ಮೇಲೆ ಬಂದಿವೆ, ಅದು ಆಟ ಅಲ್ಲ, ಉಸಿರು ಸಾಲುತ್ತಿಲ್ಲ. ಇವತ್ತೇ ಹಿಡಿದ ಜಾಗಕ್ಕೇ ವಾಪಸ್ ಬಿಟ್ಟು ಬನ್ನಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ಅವು ಮರಿಗಳಲ್ಲ. ಅದರಲ್ಲಿ ಮುಕ್ಕಾಲು ಪಾಲು ಪೂರ್ತಿ ಬೆಳೆದ ಮೀನುಗಳೇ. ಎರಡು, ಮೂರು ಇಂಚು ಅಷ್ಟೇ ಅವುಗಳ ಅಳತೆ. ಹತ್ತು ವರ್ಷ ಸಾಕಿದರೂ ಕಾಟ್ಲಾದಂಥ ದೊಡ್ಡ ಸಾಕುಮೀನು ಆಗುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಎಂಟು ವರ್ಷದ ಹಿಂದೆ ಏಪ್ರಿಲ್ ರಜೆಯಲ್ಲಿ ನಾನೂ ಇದನ್ನೇ ಮಾಡಿದೆ. ಮಗಳು, ತಮ್ಮನ ಇಬ್ಬರು ಹುಡುಗರು, ತೋಟದ ಹಿಂದಿನ ಹಳ್ಳ. ಬೇಸಿಗೆಯಲ್ಲಿ ನೀರು ಬತ್ತಿ ಗುಂಡಿ ಗುಂಡಿಯಾಗಿ ನಿಂತಿತ್ತು, ಪಂಚೆ ಎಳೆದರೆ ಸಾಕು ಮೀನು. ನಲವತ್ತಕ್ಕೂ ಜಾಸ್ತಿ ಸಿಕ್ಕವು. ಪೇಂಟ್ ಬಕೆಟ್‌ಗೆ ತುಂಬಿ, ಬಿಸಿಲಲ್ಲೇ ಹೊತ್ತು ತಂದೆವು. ಮನೆಗೆ ಬಂದಾಗ ಅರ್ಧ ಮೀನು ಓರೆಯಾಗಿ ತೇಲುತ್ತಿದ್ದವು. ಪಾಪ ನೀರು ಕಮ್ಮಿಯಾಯ್ತು ಅಂತ ಮಗಳು ನಲ್ಲಿ ಕೆಳಗೆ ಬಕೆಟ್ ಹಿಡಿದಳು. ಆವತ್ತು ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಬಡಿಯುವಷ್ಟಿತ್ತು. ಕ್ಲೋರಿನ್ ಮೀನಿನ ಕಿವಿರನ್ನೇ ಸುಡುತ್ತದೆ ಅಂತ ನನಗೆ ಗೊತ್ತಿತ್ತು, ಆದರೆ ನಾನು ಒಳಗೆ ಕಾಫಿ ಕುಡಿಯುತ್ತಿದ್ದೆ. ರಾತ್ರಿ ಊಟದ ಹೊತ್ತಿಗೆ ಐದಾರು ಬಿಟ್ಟು ಎಲ್ಲ ಹೊಟ್ಟೆ ಮೇಲೆ. ಹಳ್ಳದಲ್ಲಿ ನೀಲಿ ಗೆರೆ ಮಿಂಚಿಸುತ್ತಿದ್ದ ಡ್ಯಾನಿಯೊ ಎಂಬ ಪುಟ್ಟ ಮೀನು ಬೂದಿ ಬಣ್ಣಕ್ಕೆ ತಿರುಗಿತ್ತು. ಮಗಳು ಒಂದೊಂದನ್ನೇ ಎತ್ತಿ ಬಾಳೆ ಎಲೆ ಮೇಲೆ ಸಾಲಾಗಿ ಇಟ್ಟು, ಇದರ ಹೆಸರೇನು, ಇದರ ಹೆಸರೇನು ಅಂತ ಕೇಳಿದಳು. ಒಂದಕ್ಕೂ ನನ್ನ ಹತ್ತಿರ ಹೆಸರಿರಲಿಲ್ಲ. ಎಲ್ಲಕ್ಕೂ ಮೀನುಮರಿ ಅಂದೆ. ಆಮೇಲೆ ಒಂದು ವರ್ಷ ಅವಳು ಹಳ್ಳದ ಕಡೆ ಬರಲೇ ಇಲ್ಲ.

ಉಳಿದ ಐದಾರನ್ನು ಕೃಷಿಹೊಂಡಕ್ಕೆ ಬಿಟ್ಟೆ. ಅವು ಜಿಲೇಬಿ, ಅಂದರೆ ತಿಲಾಪಿಯಾ. ಅದು ನಮ್ಮ ಮೀನಲ್ಲ, ಆಫ್ರಿಕಾದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ತಾಯಿ ಮೊಟ್ಟೆಮರಿಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಹಾಗಾಗಿ ಸಾಯುವುದೇ ಕಮ್ಮಿ. ಎರಡು ವರ್ಷದಲ್ಲಿ ಹೊಂಡದ ತುಂಬ ಬೆರಳುದ್ದದ ಜಿಲೇಬಿ, ದುಡ್ಡು ಕೊಟ್ಟು ತಂದು ಬಿಟ್ಟ ರೋಹು ಮರಿ ಮೇಲೇಳಲೇ ಇಲ್ಲ. ಕೊನೆಗೆ ಹೊಂಡ ಒಣಗಿಸಿದೆ. ನಿಮಗೆ ಸಾಕುವ ಆಸೆ ಇದ್ದರೆ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರದಿಂದ ತನ್ನಿ, ಹಳ್ಳದಿಂದ ಬೇಡ.

ಈಗ ಗುರುತು ಹಿಡಿಯುವ ವಿಷಯ. ಬಕೆಟ್‌ನಲ್ಲಿ ಮೇಲಿನಿಂದ ನೋಡಿದರೆ ಎಲ್ಲ ಮೀನೂ ಕಪ್ಪು ಕಡ್ಡಿ ಥರ ಕಾಣುತ್ತವೆ. ಪಕ್ಕದಿಂದ ನೋಡಬೇಕು. ಅದಕ್ಕೆ ಫೆರೆರೊ ರೋಷೆ ಚಾಕೊಲೇಟ್‌ನ ದೊಡ್ಡ ಪಾರದರ್ಶಕ ಡಬ್ಬಿಗಿಂತ ಒಳ್ಳೆಯದು ಯಾವುದೂ ಇಲ್ಲ. ಯಾರಾದರೂ ದುಬೈನಿಂದ ತಂದಿರುತ್ತಾರೆ, ಬಿಸಾಡಬೇಡಿ. ಗೋಡೆ ಚಪ್ಪಟೆ ಇರಬೇಕು, ದುಂಡು ಬರ್ನಿಯಲ್ಲಿ ಮೀನು ದಪ್ಪ ಕಾಣುತ್ತದೆ, ಮಕ್ಕಳು ಚಿತ್ರ ಬರೆದರೆ ತಪ್ಪಾಗುತ್ತದೆ. ಹಳ್ಳದ ನೀರೇ ತುಂಬಿ, ಒಂದು ಸಲಕ್ಕೆ ಒಂದು ಅಥವಾ ಎರಡು ಮೀನು, ಐದು ನಿಮಿಷ, ಒಂದು ಫೋಟೊ, ಅಲ್ಲೇ ಬಿಡುಗಡೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈಗೆ ಮೀನಿನ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಂತೂ ನೀರಿಗೆ ಹಾಕಲೇಬೇಡಿ.

ನಿಮ್ಮ ಫೋಟೊದ ಎಡ ಮೂಲೆಯಲ್ಲಿ ನೆತ್ತಿ ಮೇಲೆ ಬೆಳ್ಳಿ ಚುಕ್ಕಿ ಇರುವುದು ಪ್ಯಾಂಚಾಕ್ಸ್. ನಮ್ಮದೇ ಮೀನು, ಸೊಳ್ಳೆ ಮರಿ ತಿನ್ನುತ್ತದೆ. ಕೇರಳದವರು ಮಾನತ್ತುಕಣ್ಣಿ ಅಂತಾರೆ, ಆಕಾಶ ನೋಡುವ ಮೀನು. ಅದರ ಪಕ್ಕ ಹೊಟ್ಟೆ ಉಬ್ಬಿ, ಬಾಲದ ಕಡೆ ಹೊಟ್ಟೆ ಮೇಲೆ ಕಪ್ಪು ಕಲೆ ಇರುವ ಬೂದು ಮೀನು ಗಂಬೂಸಿಯಾ. ಅದೂ ಸೊಳ್ಳೆಗಾಗಿಯೇ 1928ರಲ್ಲಿ ಇಟಲಿಯಿಂದ ಬಂದದ್ದು, ಮೂಲ ಅಮೆರಿಕ. ಬೇರೆ ಮೀನಿನ ಮರಿ, ಕಪ್ಪೆಯ ಗೊದಮೊಟ್ಟೆ ಎಲ್ಲ ಕಚ್ಚುತ್ತದೆ. ನೆತ್ತಿ ಚುಕ್ಕಿ ಇದ್ದರೆ ನಮ್ಮದು ಅಂತ ಮಕ್ಕಳಿಗೆ ಹೇಳಿಕೊಡಿ, ಜನ್ಮದಲ್ಲಿ ಮರೆಯುವುದಿಲ್ಲ. ಕಣ್ಣಿನಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ ಇದ್ದರೆ ರಾಸ್ಬೋರಾ. ಕಿವಿರಿನ ಹಿಂದೊಂದು, ಬಾಲದ ಹತ್ತಿರ ಒಂದು ಚುಕ್ಕೆ ಇದ್ದರೆ ಟಿಕ್ಟೊ ಬಾರ್ಬ್. ಫಿಲಮೆಂಟ್ ಬಾರ್ಬ್ ಮಾತ್ರ ಮೋಸ ಮಾಡುತ್ತದೆ: ದೊಡ್ಡದಕ್ಕೆ ಬಾಲದ ಮುಂದೆ ಒಂದೇ ದಪ್ಪ ಚುಕ್ಕೆ, ಮರಿಗೆ ಮೈಮೇಲೆ ಅಡ್ಡ ಪಟ್ಟೆ, ಹಾಗಾಗಿ ಎಷ್ಟೋ ಜನ ಎರಡು ಜಾತಿ ಅಂದುಕೊಳ್ಳುತ್ತಾರೆ. ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇದ್ದರೆ ಜಿಲೇಬಿ ಮರಿ.

ಹಿಡಿಯುವುದಕ್ಕೆ ಪಂಚೆ ಬಿಡಿ, ಒರಟು ಬಟ್ಟೆಗೆ ಹುರುಪೆ ಉದುರುತ್ತದೆ. ನನಗೆ ಸರಿಹೋದದ್ದು ಬಾಟಲ್. ಥಮ್ಸ್ ಅಪ್‌ನ ದೊಡ್ಡ ಬಾಟಲ್ ಗಟ್ಟಿಯಾಗಿರುತ್ತದೆ, ನೀರಿನ ಬಾಟಲ್‌ಗಳು ತೆಳು, ಕಲ್ಲಿಗೆ ಒತ್ತಿದರೆ ನಜ್ಜಾಗುತ್ತವೆ. ಕುತ್ತಿಗೆ ಭಾಗ ಕತ್ತರಿಸಿ ತಿರುಗಿಸಿ ಒಳಗೆ ಕೂರಿಸಿ, ಸ್ಟೇಪ್ಲರ್ ಹೊಡೆಯಿರಿ. ಕಾದ ಮೊಳೆಯಲ್ಲಿ ಸುತ್ತ ತೂತು. ಒಳಗೆ ಒಂದು ಕಲ್ಲು, ತೌಡು ಮತ್ತು ಕಡಲೆಹಿಂಡಿ ಕಲಸಿದ ನೆಲ್ಲಿಕಾಯಿ ಗಾತ್ರದ ಉಂಡೆ. ಬಾಯಿ ನೀರು ಹರಿದು ಹೋಗುವ ಕಡೆಗೆ ಇರಲಿ, ವಾಸನೆ ಕೆಳಕ್ಕೆ ಹೋಗುತ್ತದೆ, ಮೀನು ಅದನ್ನೇ ಹಿಡಿದು ಮೇಲಕ್ಕೆ ಬರುತ್ತದೆ. ನಾನು ಮೊದಲ ಸಲ ಉಲ್ಟಾ ಇಟ್ಟು ಒಂದು ಗಂಟೆ ಕಾದಿದ್ದೆ. ಇಪ್ಪತ್ತು ನಿಮಿಷಕ್ಕೆ ಎತ್ತಿಬಿಡಿ. ರಾತ್ರಿ ಬಿಟ್ಟು ಬರಬೇಡಿ, ನೀರುಹಾವು ಒಳಗೆ ಹೋಗಿ ಉಸಿರುಗಟ್ಟಿ ಸಾಯುತ್ತದೆ.

ಹರಿಯುವ ನೀರಲ್ಲಿ ಕಲ್ಲಿಗೆ ಅಂಟಿಕೊಂಡಿರುವ ಗರ್ರಾ ಬಾಟಲ್‌ಗೆ ಬರುವುದಿಲ್ಲ. ಕಲ್ಲಿನಿಂದ ನೀರು ಹರಿದು ಹೋಗುವ ಕಡೆ ಸೊಳ್ಳೆಪರದೆಯ ಬಲೆ ಹಿಡಿದು ಕಲ್ಲನ್ನು ಮೆಲ್ಲಗೆ ಎತ್ತಿ. ಡಬ್ಬಿಗೆ ಹಾಕಿದರೆ ಗೋಡೆಗೆ ಅಂಟುತ್ತದೆ, ಅಂಟಿಕೊಳ್ಳುವುದಕ್ಕೆ ಗದ್ದದ ಕೆಳಗಿರುವ ತಟ್ಟೆಯಂಥ ಭಾಗ ಆಗ ಸ್ಪಷ್ಟ ಕಾಣುತ್ತದೆ, ಮಕ್ಕಳು ಇದಕ್ಕೇ ಕುಣಿಯುತ್ತಾರೆ. ಎತ್ತಿದ ಕಲ್ಲು ಹೇಗಿತ್ತೋ ಹಾಗೇ ಇಡಿಸಿ. ಮೀಸೆ ಇರುವ ಗಿರ್ಲು, ಚೇಳುಮೀನು ಬಂದರೆ ಮಕ್ಕಳ ಕೈಗೆ ಕೊಡಬೇಡಿ, ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿನೀರಲ್ಲಿ ಕೈ ಇಡಿಸಿ, ಡಾಕ್ಟರಿಗೆ ತೋರಿಸಿ. ಕೆಂಪು ಮರಿಗಳು ಮುದ್ದೆಯಾಗಿ ತೇಲುತ್ತಿದ್ದರೆ ಅದು ಕೊರಮೀನಿನ ಸಂಸಾರ, ತಂದೆತಾಯಿ ಕೆಳಗೇ ಕಾಯುತ್ತಿರುತ್ತವೆ, ಬಲೆ ಹಾಕಲೇಬೇಡಿ.

ಮೀನು ನೋಡಲು ಸರಿಯಾದ ಕಾಲ ದೀಪಾವಳಿ ಆದಮೇಲೆ. ನೀರು ತಿಳಿಯಾಗಿರುತ್ತದೆ. ಮೊದಲ ಮಳೆಗೆ ಹತ್ತುಮೀನು, ಅಂದರೆ ಮೊಟ್ಟೆ ಇಡಲು ಹಳ್ಳ ಹತ್ತುವ ಮೀನು, ಮೇಲೆ ಬರುವಾಗ ಹೊಟ್ಟೆ ತುಂಬ ಮೊಟ್ಟೆ, ಆಗ ಬೇಡ. ಶೃಂಗೇರಿ, ಶಿಶಿಲ, ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮದಲ್ಲಿ, ಅಭಯಾರಣ್ಯದ ಹಳ್ಳದಲ್ಲಿ ಬಲೆ ಇಳಿಸುವುದೇ ಅಪರಾಧ. ನೀರು ಮಗುವಿನ ಮೊಣಕಾಲಿಗಿಂತ ಜಾಸ್ತಿ ಬೇಡ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮೇಲೆ ಎಲ್ಲೋ ಮಳೆ ಅಂತ ಅರ್ಥ, ಡಬ್ಬಿ ಬಿಟ್ಟು ಮಕ್ಕಳನ್ನು ದಡ ಹತ್ತಿಸಿ. ಕಾಲಿಗೆ ಗಾಯ ಇದ್ದವರನ್ನು ಗದ್ದೆ ಪಕ್ಕದ ನೀರಿಗೆ ಇಳಿಸಬೇಡಿ, ಇಲಿಜ್ವರ ಬರಬಹುದು.

ಬಲಗಡೆಯ ಪಟ್ಟೆ ಮೀನು ಮೇಲಿನಿಂದ ಗೊತ್ತಾಗುತ್ತಿಲ್ಲ. ಬಿಡುವ ಮುಂಚೆ ಅದನ್ನೊಂದು ಡಬ್ಬಿಗೆ ಹಾಕಿ ಪಕ್ಕದಿಂದ ಫೋಟೊ ತೆಗೆದು ಕಳಿಸಿ, ಬಾಲದ ತುದಿ ಸರಿಯಾಗಿ ಕಾಣಲಿ.