ಮೂರಡಿ ಪಟ್ ತಪ್ಪುತ್ತಿದೆ, ಹಿಡಿತ ಬದಲಿಸಲೇ?

ಪ್ರಶ್ನೆ: ನಾನು ಗೋಣಿಕೊಪ್ಪ ಕಡೆಯ ಕಾಫಿ ಬೆಳೆಗಾರ, ವಯಸ್ಸು 61, ಬಲಗೈಯವನು. ಬಿಟ್ಟಂಗಾಲದಲ್ಲಿ ಗಾಲ್ಫ್ ಆಡುತ್ತೇನೆ. ದೂರದ ಪಟ್ (ಚೆಂಡನ್ನು ನೆಲದ ಮೇಲೆ ಹೋಲ್ ಕಡೆಗೆ ಉರುಳಿಸುವ ಹೊಡೆತ) ಹೋಲ್ ಹತ್ತಿರ ಬಂದು ನಿಲ್ಲುತ್ತದೆ. ಉಳಿದ ಮೂರಡಿಯಲ್ಲಿ ಮಾತ್ರ ಚೆಂಡು ಎಡಕ್ಕೆ ಹೋಗುತ್ತದೆ. ಒಬ್ಬ ಗೆಳೆಯ ಎಡಗೈಯನ್ನು ಬಲಗೈಗಿಂತ ಕೆಳಗಿಡು ಅಂತಾನೆ. ಇನ್ನೊಬ್ಬ ಉದ್ದ ಪಟರ್ (ಪಟ್ ಹೊಡೆಯುವ ಕೋಲು) ತಗೊಂಡು ಎದೆಗೆ ಒತ್ತಿ ಆಡು ಅಂತಾನೆ. ಏನು ಮಾಡಲಿ?

ಉತ್ತರ: ಎರಡನೆಯ ಸಲಹೆಯನ್ನು ಮೊದಲು ಬಿಡಿ. ಪಟರನ್ನಾಗಲಿ, ಅದನ್ನು ಹಿಡಿದ ಕೈಯನ್ನಾಗಲಿ ಎದೆಗೆ ಊರಿ ಹೊಡೆಯುವುದು 2016ರ ಜನವರಿ 1ರಿಂದ ನಿಯಮಕ್ಕೆ ವಿರುದ್ಧ. ಆದರೆ ಉದ್ದ ಪಟರ್ ಬಳಸುವುದಕ್ಕೆ ತಡೆಯಿಲ್ಲ. ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಆಮೇಲೂ ಅದನ್ನೇ ಬಳಸಿದರು, ಕೈಯನ್ನು ಎದೆಯಿಂದ ದೂರ ಇಟ್ಟುಕೊಂಡು.

ನಿಮ್ಮ ದೂರದ ಅಂದಾಜು ಚೆನ್ನಾಗಿದೆ. ಅದು ಸುಲಭಕ್ಕೆ ಸಿಗುವಂಥದ್ದಲ್ಲ, ಹಾಗಾಗಿ ದೂರದ ಪಟ್‌ಗೆ ಈಗಿನ ಹಿಡಿತವನ್ನೇ ಇಟ್ಟುಕೊಳ್ಳಿ. ಹತ್ತಿರದ ಪಟ್‌ಗೆ ಬೇರೆ ಹಿಡಿತ ಇದ್ದರೆ ಯಾವ ನಿಯಮವೂ ಬೇಡ ಅನ್ನುವುದಿಲ್ಲ.

ಈಗ ಎಡಕ್ಕೆ ಹೋಗುವ ವಿಷಯ. ಹೋಲ್‌ನ ಅಗಲ 108 ಮಿಲಿಮೀಟರ್. ನೆಲ ಸಮ ಇದ್ದು, ಹೋಲ್‌ನ ನಡುವಿಗೆ ಗುರಿಯಿಟ್ಟಿದ್ದರೆ, ಮೂರಡಿಯಿಂದ ಚೆಂಡು ಹೊರಗೆ ಹೋಗಲು ಅದರ ದಿಕ್ಕು ಸುಮಾರು ಮೂರು ಡಿಗ್ರಿಗಿಂತ ಜಾಸ್ತಿ ತಪ್ಪಬೇಕು. ಅದು ಸಣ್ಣ ತಪ್ಪಲ್ಲ, ಅಲ್ವಾ? ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಪಟರ್‌ನ ಮುಖವೇ (ಚೆಂಡಿಗೆ ತಾಗುವ ಚಪ್ಪಟೆ ಭಾಗ) ತೀರ್ಮಾನಿಸುತ್ತದೆ. ಹಾಗಾಗಿ ಎರಡರಲ್ಲಿ ಒಂದು ಆಗುತ್ತಿರಬೇಕು: ನಿಲ್ಲುವಾಗಲೇ ಮುಖ ಎಡಕ್ಕಿದೆ, ಇಲ್ಲವೇ ಹೊಡೆಯುವ ಗಳಿಗೆಯಲ್ಲಿ ಬಲಗೈ ಅದನ್ನು ತಿರುಗಿಸುತ್ತಿದೆ.

ಮೊದಲನೆಯದನ್ನು ಮನೆಯಲ್ಲೇ ನೋಡಬಹುದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದು, ಅದರ ಮೇಲೆ ಚೆಂಡಿಟ್ಟು ನಿಲ್ಲಿ. ಮುಖ ಗೆರೆಗೆ ಅಡ್ಡಲಾಗಿ ನೇರ ಇದೆಯಾ ಅಂತ ಹಿಂದಿನಿಂದ ಯಾರಾದರೂ ನೋಡಲಿ. ಇನ್ನೊಂದು ಚೆಂಡನ್ನು ಎರಡು ಕಣ್ಣುಗಳ ನಡುವಿನ ಮೂಗಿನ ಬುಡದಿಂದ ಕೆಳಗೆ ಬಿಡಿ. ಅದು ಮೊದಲ ಚೆಂಡಿನ ಮೇಲೋ, ಸ್ವಲ್ಪ ನಿಮ್ಮ ಕಡೆಗೋ ಬಿದ್ದರೆ ಸರಿ. ತುಂಬಾ ಆಚೆ ಈಚೆ ಬಿದ್ದರೆ ಗೆರೆ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಆಗ ಹಿಡಿತವನ್ನು ಮುಟ್ಟಬೇಡಿ, ನಿಲುವು ಸರಿಪಡಿಸಿ.

ಗುರಿ ಸರಿಯಿದ್ದೂ ಎಡಕ್ಕೆ ಹೋದರೆ ಕೈಯದ್ದೇ ಕೆಲಸ. ಆಗ ಮೊದಲ ಗೆಳೆಯರ ಮಾತು ಕೇಳಿ. ಎಡಗೈ ಕೆಳಗಿದ್ದರೆ ಭುಜಗಳು ಸಮ ಬರುತ್ತವೆ, ಬಲ ಮಣಿಕಟ್ಟಿನ ಜೋರು ಕಡಿಮೆಯಾಗುತ್ತದೆ. ಅಮೆರಿಕದ ಆಟಗಾರ ಜೋರ್ಡನ್ ಸ್ಪೀತ್ 2015ರಲ್ಲಿ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎಂಬ ದೊಡ್ಡ ಪಂದ್ಯಾವಳಿಗಳನ್ನು ಗೆದ್ದಿದ್ದು ಇದೇ ಹಿಡಿತದಲ್ಲಿ. ನಾನೂ ಮೂರು–ನಾಲ್ಕು ಅಡಿಗೆ ಇದನ್ನೇ ನಂಬಿದ್ದೇನೆ. ಇದು ಒಗ್ಗದಿದ್ದರೆ ಕ್ಲಾ ಹಿಡಿತ ನೋಡಿ. ಎಡಗೈ ಮಾಮೂಲಿ ಜಾಗದಲ್ಲೇ ಇರಲಿ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟರ್ ಸುಮ್ನೆ ಕೂತಿರಲಿ.

ಒಂದು ಮಾತು ನಮ್ಮ ಕೊಡಗಿನ ಮಳೆಗಾಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆಯ ಹುಲ್ಲಿನ ಜಾಗ) ನೆನೆದು ನಿಧಾನವಾಗುತ್ತದೆ. ಜಾಸ್ತಿ ಬಲ ಹಾಕಬೇಕಾಗಿ ಬಂದು ಬಲಗೈ ಮತ್ತೆ ಮುಂದಾಗುತ್ತದೆ. ಹೊಸ ಹಿಡಿತ ಕೈಗೂಡಿತೇ ಅಂತ ಆಗ ತೀರ್ಮಾನಿಸಬೇಡಿ. ಮಳೆಯಲ್ಲಿ ಮನೆಯೊಳಗೆ ಗೆರೆಯ ಮೇಲೆ ಆಡಿ, ಬಿಸಿಲು ಬಂದು ಗ್ರೀನ್ ಒಣಗಿದ ಮೇಲೆ ಪರೀಕ್ಷೆ ಮಾಡಿ. ಆಗಲೂ ಎಡಕ್ಕೇ ಹೋದರೆ ಮತ್ತೆ ಬರೆಯಿರಿ. ನಿಮ್ಮ ಎತ್ತರ ಎಷ್ಟು, ಪಟರ್‌ನ ಉದ್ದ ಎಷ್ಟು ಅಂತಲೂ ತಿಳಿಸಿ.